ಹೋಟೆಲಿನ ಸಾಲಕ್ಕೆ ಹೊಣೆಗಾರರು: ಬಂಧುವಿನಿಂದ ಸರಕಾರದವರೆಗೆ

ಕಾಸರಗೋಡು ಸೀಮೆಯ ಕನ್ನಡಿಗರ ಚರಿತ್ರೆಯನ್ನು ಬರೆಯಹೊರಟವರು ದೇವಾಲಯಗಳ ಶಾಸನಗಳನ್ನೂ, ಯಕ್ಷಗಾನದ ಮೇಳಗಳನ್ನೂ, ಕವಿಗಳ ಕೃತಿಗಳನ್ನೂ, 1956ರ ನವೆಂಬರ 1ರಂದು ಈ ನೆಲವು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿಹೋದ ನೋವನ್ನೂ ವಿವರಿಸುವುದುಂಟು. ಅದು ಯುಕ್ತವೇ ಆಗಿದೆ. ಆದರೆ ಒಂದು ಜನಸಮುದಾಯದ ಚರಿತ್ರೆಯು ಶಾಸನದ ಕಲ್ಲುಗಳಲ್ಲಿ ಮಾತ್ರವಲ್ಲ, ರುಬ್ಬುವ ಕಲ್ಲುಗಳಲ್ಲಿಯೂ ಇರುತ್ತದೆ. ಅದು ಗಲ್ಲಾಪೆಟ್ಟಿಗೆಯ ಪಕ್ಕದ ಲೆಕ್ಕದ ಪುಸ್ತಕದಲ್ಲಿಯೂ, ಮನೆಯ ಹಿರಿಯರು ಸಹಿ ಹಾಕಿದ ಸಾಲಪತ್ರಗಳಲ್ಲಿಯೂ ಅಡಗಿರುತ್ತದೆ. ನಮ್ಮ ಶಾಲೆಗಳಿಗೆ ಬರುವ ಮಕ್ಕಳಲ್ಲಿ ತಂದೆಯೋ ಸೋದರಮಾವನೋ ದೊಡ್ಡಪ್ಪನೋ ಪರವೂರಿನಲ್ಲಿ 'ಹೋಟೆಲು ಇಟ್ಟಿದ್ದಾರೆ' ಎಂದು ಹೇಳುವವರು ಎಷ್ಟು ಮಂದಿ! ಮುಂಬಯಿ, ಮದರಾಸು, ಮೈಸೂರು, ಬೆಂಗಳೂರುಗಳಲ್ಲಿ ನಮ್ಮ ಕರಾವಳಿಯ ಹೆಸರನ್ನು ಮನೆಮಾತಾಗಿಸಿದುದು ಈ ಉದ್ಯಮವೇ ಎಂದರೆ ಅತಿಶಯೋಕ್ತಿಯಲ್ಲ.

ಈ ಉದ್ಯಮಕ್ಕೆ ಬಂಡವಾಳ ಎಲ್ಲಿಂದ ಬಂತು? ಸಾಲ ಕೊಟ್ಟವರು ಯಾವ ಭರವಸೆಯ ಮೇಲೆ ಕೊಟ್ಟರು? ಹೊಣೆ ನಿಂತವರು ಯಾರು? ಆ ಹೊಣೆಯು ಬಂಧುವಿನ ಹೆಗಲಿನಿಂದ ಸರಕಾರದ ಹೆಗಲಿಗೆ ದಾಟಿದ ಬಗೆ ಹೇಗೆ? ಈ ಸಂಘದ ಬೆಳವಣಿಗೆಯಲ್ಲಿ ಹೋಟೆಲುಗಾರರ ಕಾಣಿಕೆಯನ್ನು ಬಲ್ಲ ನಾವು ಈ ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ಯಥಾಮತಿ ವಿಚಾರಿಸಲು ಉದ್ಯುಕ್ತರಾಗಿದ್ದೇವೆ.

ಪ್ರಾಚೀನರ ಹೊಣೆವಿಚಾರ

ಹೊಣೆ ಎಂಬುದು ಅಚ್ಚಗನ್ನಡ ಪದ. ಜಾಮೀನು ಪರಭಾಷೆಯಿಂದ ಬಂದು ನಮ್ಮದಾದುದು. ಎರಡರ ಹಿಂದಿನ ಕಲ್ಪನೆಯಾದರೋ ಬಹು ಪುರಾತನ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಇದರ ವಿಸ್ತಾರವಾದ ಚರ್ಚೆಯಿದೆ. ಆ ಸ್ಮೃತಿಗೆ 'ಮಿತಾಕ್ಷರಾ' ಎಂಬ ವಿಖ್ಯಾತ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ಇದ್ದವನು. ಭಾರತದ ಬಹುಭಾಗದ ನ್ಯಾಯಾಲಯಗಳು ಹಿಂದೂ ಕಾನೂನಿಗೆ ಪ್ರಮಾಣವೆಂದು ಎತ್ತಿಹಿಡಿದ ಗ್ರಂಥವು ಕನ್ನಡನಾಡಿನ ರಾಜಧಾನಿಯಲ್ಲಿ ರಚಿತವಾಯಿತೆಂಬುದು ನಮಗೆ ಅಭಿಮಾನದ ಸಂಗತಿ.

ಆ ಸ್ಮೃತಿಯು ಹೊಣೆಗಾರರನ್ನು ಮೂರು ವಿಧವಾಗಿ ವಿಭಾಗಿಸುತ್ತದೆ. 'ಬೇಕೆಂದಾಗ ಈತನನ್ನು ತಂದು ನಿಲ್ಲಿಸುತ್ತೇನೆ' ಎನ್ನುವವನು ದರ್ಶನಕ್ಕೆ ಹೊಣೆ. 'ಈತನು ನಂಬಿಕಸ್ಥ' ಎಂದು ಹೇಳುವವನು ಪ್ರತ್ಯಯಕ್ಕೆ ಹೊಣೆ. 'ಈತನು ಕೊಡದಿದ್ದರೆ ನಾನು ಕೊಡುತ್ತೇನೆ' ಎನ್ನುವವನು ದಾನಕ್ಕೆ, ಎಂದರೆ ಹಣದ ಪಾವತಿಗೆ ಹೊಣೆ. ಮೊದಲಿನ ಇಬ್ಬರ ಮಾತು ಸುಳ್ಳಾದರೆ ಅವರು ಮಾತ್ರ ತೆರಬೇಕು. ಮೂರನೆಯವನು ತೀರಿಕೊಂಡರೆ ಅವನ ಮಕ್ಕಳೂ ತೆರಬೇಕಾಗುತ್ತದೆ. ಹಣಕ್ಕೆ ಹೊಣೆ ನಿಲ್ಲುವುದು ಮಕ್ಕಳ ತಲೆಯ ಮೇಲೂ ಭಾರ ಹೊರಿಸುವ ಕಾರ್ಯವೆಂಬುದನ್ನು ಪ್ರಾಚೀನರು ಸ್ಪಷ್ಟವಾಗಿ ಅರಿತಿದ್ದರು.

ಬಡ್ಡಿಯ ವಿಷಯದಲ್ಲಿಯೂ ಅವರ ವಿವೇಚನೆ ಗಮನಾರ್ಹವಾದುದು. ಅಡವು ಇಟ್ಟ ಸಾಲಕ್ಕೆ ತಿಂಗಳಿಗೆ ಎಂಬತ್ತರಲ್ಲಿ ಒಂದು ಪಾಲು, ಎಂದರೆ ನೂರಕ್ಕೆ ಒಂದೂಕಾಲು, ಬಡ್ಡಿ. ಅಡವಿಲ್ಲದಿದ್ದರೆ ಸಾಲಗಾರನ ವರ್ಣಕ್ಕನುಸಾರವಾಗಿ ನೂರಕ್ಕೆ ಎರಡರಿಂದ ಐದರವರೆಗೆ. ಕಾಡುದಾರಿಯಲ್ಲಿ ಸಂಚರಿಸುವ ವರ್ತಕರಿಗೆ ಹತ್ತು. ಕಡಲನ್ನು ದಾಟುವವರಿಗೆ ಇಪ್ಪತ್ತು. ಬಡವನಿಗೂ ಕೆಳವರ್ಣದವನಿಗೂ ಸಾಲವು ದುಬಾರಿಯಾಗಿದ್ದುದು ಇಲ್ಲಿಯೇ ತೋರುತ್ತದೆ. ಅಪಾಯ ಹೆಚ್ಚಿದಷ್ಟೂ ಬಡ್ಡಿ ಹೆಚ್ಚು. ಅಡವಿದ್ದರೆ ಬಡ್ಡಿ ಕಡಿಮೆ. ಇಂದಿನ ಬೇಂಕುಗಳ ಲೆಕ್ಕಾಚಾರದ ತಿರುಳೂ ಇದೇ ಅಲ್ಲವೇ?

ಬ್ರಿಟಿಷರ ಕಾಲದಲ್ಲಿ 1872ರ ಭಾರತೀಯ ಕರಾರು ಕಾಯಿದೆಯು ಹೊಣೆಗಾರಿಕೆಗೆ ಹೊಸ ಚೌಕಟ್ಟನ್ನು ಕೊಟ್ಟಿತು. ಅದರ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿಯಲ್ಲಿ ಹೇಳಿರದಿದ್ದರೆ, ಹೊಣೆಗಾರನ ಬಾಧ್ಯತೆಯು ಮೂಲ ಸಾಲಗಾರನ ಬಾಧ್ಯತೆಯಷ್ಟೇ ವಿಸ್ತಾರವಾದುದು. 'ದಾಕ್ಷಿಣ್ಯಕ್ಕೆ ಒಂದು ಸಹಿ ಹಾಕಿದೆ' ಎಂಬ ಮಾತಿಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ನಮ್ಮ ಹಳ್ಳಿಗಳಲ್ಲಿ ಜಾಮೀನು ನಿಂತು ಗದ್ದೆಯನ್ನು ಕಳೆದುಕೊಂಡವರ ಕಥೆಗಳು ಹುಟ್ಟಿಕೊಂಡುದು ಈ ಕಾರಣದಿಂದಲೇ.

ಹೋಟೆಲು ಹುಟ್ಟಿದ ಬಗೆ

ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯು ಮದರಾಸು ಆಧಿಪತ್ಯಕ್ಕೆ ಸೇರಿತ್ತು. ಕಾಸರಗೋಡು ಅದರ ದಕ್ಷಿಣದ ತುದಿಯ ತಾಲೂಕು. 1907ರಲ್ಲಿ ಮಂಗಳೂರಿನವರೆಗೆ ರೈಲುಮಾರ್ಗವು ಪೂರ್ಣವಾದಾಗ ಅದು ಕಾಸರಗೋಡನ್ನು ಹಾದು ಬಂತು. ಮದರಾಸಿಗೆ ಹೋಗುವವರು ರೈಲನ್ನೂ ಮುಂಬಯಿಗೆ ಹೋಗುವವರು ಮಂಗಳೂರಿನ ಬಂದರಿನಿಂದ ಹಡಗನ್ನೂ ಹತ್ತಿದರು. ಭೂಮಿ ಕಡಿಮೆ, ಕುಟುಂಬ ದೊಡ್ಡದು, ಓದಿಸುವ ಅನುಕೂಲವಿಲ್ಲ. ಹನ್ನೆರಡು ಹದಿಮೂರು ವರ್ಷದ ಹುಡುಗರು ಊರಿನ ಪರಿಚಿತರ ಕೈಹಿಡಿದು ಹೊರಟು, ಯಾವುದೋ ಹೋಟೆಲಿನಲ್ಲಿ ಲೋಟ ತೊಳೆಯುವ ಕೆಲಸಕ್ಕೆ ನಿಂತು, ಕ್ರಮೇಣ ಮಾಣಿಯಾಗಿ, ಅಡಿಗೆಯವರಾಗಿ, ಗಲ್ಲಾದಲ್ಲಿ ಕುಳಿತು, ಕೊನೆಗೆ ತಾವೇ ಧನಿಗಳಾದುದು ಆ ಕಾಲದ ಸಾಮಾನ್ಯ ವೃತ್ತಾಂತ.

ಈ ಸಾಹಸಕ್ಕೆ ಪ್ರಸಿದ್ಧ ದೃಷ್ಟಾಂತಗಳಿವೆ. 1924ರಲ್ಲಿ ಉಡುಪಿ ಸೀಮೆಯ ಮಯ್ಯ ಸಹೋದರರು ಬೆಂಗಳೂರಿನಲ್ಲಿ ಆರಂಭಿಸಿದ ಬ್ರಾಹ್ಮಣ ಕಾಫಿ ಕ್ಲಬ್ಬು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರಿನಿಂದ ಖ್ಯಾತವಾಯಿತು. ಮದರಾಸಿನಲ್ಲಿ ಹೋಟೆಲಿನ ಸಾಮಾನ್ಯ ಕೆಲಸದಿಂದ ಮೇಲೆ ಬಂದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದರು. ಮುಂಬಯಿಯ ಮಾಟುಂಗದಲ್ಲಿ ಎ. ರಾಮ ನಾಯಕರು 1942ರಲ್ಲಿ ಸ್ಥಾಪಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗು ಬಾಳೆಯೆಲೆಯ ಊಟಕ್ಕೆ ಹೆಸರಾಯಿತು. ಇವರ ಹಿಂದೆ ಹೆಸರು ಉಳಿಯದ ಸಾವಿರಾರು ಮಂದಿ ಇದ್ದರು. ಅವರಲ್ಲಿ ಎಷ್ಟೋ ಮಂದಿ ಹಗಲು ಮೇಜು ಒರಸಿ, ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತವರು.

ಇವರಿಗೆ ಬಂಡವಾಳ ಒದಗಿದ ದಾರಿಗಳನ್ನು ನೋಡೋಣ. ಮೊದಲನೆಯದು, ತಿಂಗಳ ಸಂಬಳವನ್ನು ತೆಗೆದುಕೊಳ್ಳದೆ ಧನಿಗಳಲ್ಲಿಯೇ ಬಿಟ್ಟು ಕೂಡಿಸಿದ ಹಣ. ಎರಡನೆಯದು, ಇಬ್ಬರು ಮೂವರು ಸೇರಿ ಕಟ್ಟಿದ ಪಾಲುಗಾರಿಕೆ. ಮೂರನೆಯದು, ಕುರಿ ಯಾ ಚೀಟಿಯ ಹಣ. ನಾಲ್ಕನೆಯದು, ಜೀನಸಿನ ಅಂಗಡಿಯವನು ಕೊಟ್ಟ ಉದ್ದರಿ. ಐದನೆಯದು, ಮನೆಯ ಹೆಂಗಸರ ಬಳೆ ಸರಗಳು. ಈ ಐದನೆಯದನ್ನು ಚರಿತ್ರಕಾರರು ಬರೆಯುವುದು ಕಡಿಮೆ. ಆದರೆ ಅಡವಿನ ಅಂಗಡಿಗೆ ಹೋದ ಆ ಚಿನ್ನವೇ ಎಷ್ಟೋ ಹೋಟೆಲುಗಳ ಅಡಿಗಲ್ಲು.

ಈ ಐದು ದಾರಿಗಳಿಗೂ ಒಂದು ಸಮಾನ ಲಕ್ಷಣವಿದೆ. ಪರಿಚಯವಿದ್ದವನಿಗೆ ಮಾತ್ರ ಅವು ತೆರೆದಿದ್ದುವು. ಬಂಧುವು ಬಂಧುವಿಗೆ, ಊರಿನವನು ಊರಿನವನಿಗೆ, ಜಾತಿಯವನು ಜಾತಿಯವನಿಗೆ ಹೊಣೆ ನಿಂತನು. ಆ ನಂಬಿಕೆಯು ಶ್ಲಾಘ್ಯವಾದುದೇ. ಆದರೆ ಹೋಟೆಲಿನಲ್ಲಿ ಬಂಧುಗಳಿಲ್ಲದವನಿಗೆ, ಪಂಕ್ತಿಯಲ್ಲಿ ಕುಳಿತು ಉಣ್ಣುವ ಹಕ್ಕನ್ನೇ ಅಂದಿನ ಸಮಾಜವು ಕೊಡದಿದ್ದ ಜಾತಿಗಳವನಿಗೆ, ಗಂಡನನ್ನು ಕಳೆದುಕೊಂಡು ಮೆಸ್ಸು ನಡೆಸಬೇಕೆಂದ ಹೆಂಗಸಿಗೆ, ಹೊಣೆ ನಿಲ್ಲುವವರು ಯಾರಿದ್ದರು? ಇದು ಮುಂದಿನ ಚರಿತ್ರೆಯನ್ನೆಲ್ಲ ಅರ್ಥಮಾಡಿಕೊಳ್ಳಲು ಕೀಲಿಯಾದ ಪ್ರಶ್ನೆ.

ಕರಾವಳಿಯ ಬೇಂಕುಗಳು

ದಕ್ಷಿಣ ಕನ್ನಡವು ಹೋಟೆಲುಗಳಂತೆಯೇ ಬೇಂಕುಗಳಿಗೂ ತವರುಮನೆ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ನೇತೃತ್ವದಲ್ಲಿ ಮುಂದೆ ಕಾರ್ಪೊರೇಶನ್ ಬೇಂಕೆನಿಸಿದ ಸಂಸ್ಥೆಯೂ, ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳಿಂದ ಮುಂದೆ ಕೆನರಾ ಬೇಂಕೆನಿಸಿದ ನಿಧಿಯೂ ಸ್ಥಾಪಿತವಾದುವು. 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬೇಂಕು, 1925ರಲ್ಲಿ ಉಡುಪಿಯಲ್ಲಿ ಡಾ. ಟಿ. ಎಂ. ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಇವರಿಂದ ಸಿಂಡಿಕೇಟ್ ಬೇಂಕಿನ ಮೂಲಸಂಸ್ಥೆ, 1931ರಲ್ಲಿ ಎ. ಬಿ. ಶೆಟ್ಟರಿಂದ ವಿಜಯಾ ಬೇಂಕು ಉದಯಿಸಿದುವು.

ಇವುಗಳಲ್ಲಿ ಸಿಂಡಿಕೇಟ್ ಬೇಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯು ಹೋಟೆಲುಗಾರನ ಪಾಲಿಗೆ ವಿಶೇಷ ಮಹತ್ತ್ವದ್ದು. ಬೇಂಕಿನ ಪ್ರತಿನಿಧಿಯು ದಿನವೂ ಅಂಗಡಿಯ ಬಾಗಿಲಿಗೇ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸ್ವೀಕರಿಸಿ ರಶೀದಿ ಬರೆದುಕೊಡುತ್ತಿದ್ದನು. ಹೋಟೆಲಿನ ಹಣವು ದಿನವಹಿ ಬರುವ ಚಿಲ್ಲರೆ ಹಣ. ದಿನವಹಿ ಕಟ್ಟುವ ಪದ್ಧತಿಯು ಅದಕ್ಕೆ ಸಹಜವಾಗಿ ಹೊಂದಿಕೊಂಡಿತು. ಅಷ್ಟೇ ಅಲ್ಲದೆ, ವರ್ಷಗಟ್ಟಲೆ ತಪ್ಪದೆ ಪಿಗ್ಮಿ ಕಟ್ಟಿದವನ ಪುಸ್ತಕವೇ ಅವನ ನಡತೆಗೆ ಸಾಕ್ಷಿಯಾಗುವಂತಾಯಿತು. ಪ್ರಾಚೀನರು ಹೇಳಿದ ಪ್ರತ್ಯಯದ ಹೊಣೆಯನ್ನು ಆ ಪುಸ್ತಕವೇ ನಿರ್ವಹಿಸಿತೆನ್ನಬಹುದು.

ಆದರೂ ದೊಡ್ಡ ಸಾಲ ಬೇಕಾದಾಗ ಬೇಂಕಿನವರು ಕೇಳುತ್ತಿದ್ದುದು ಅಡವನ್ನು. ಇಲ್ಲಿ ಹೋಟೆಲುಗಾರನ ತೊಡಕನ್ನು ವಾಚಕರು ಮನಗಾಣಬೇಕು. ನೇಕಾರನಲ್ಲಿ ಮಗ್ಗವಿದೆ, ನೂಲಿದೆ. ಅಡಿಕೆಯ ವ್ಯಾಪಾರಿಯಲ್ಲಿ ದಾಸ್ತಾನಿದೆ. ಹೋಟೆಲುಗಾರನಲ್ಲಿ ಇರುವುದೇನು? ಕಟ್ಟಡ ಬಾಡಿಗೆಯದು. ಪಾತ್ರೆ, ಬೆಂಚುಗಳು ಹರಾಜಿಗೆ ಹೋದರೆ ಹಿತ್ತಾಳೆಯ ತೂಕದ ಬೆಲೆ. ದಾಸ್ತಾನು ಎಂದರೆ ಸಾಯಂಕಾಲಕ್ಕೆ ಹುಳಿಯುವ ಹಿಟ್ಟು, ಒಡೆಯುವ ಹಾಲು. ಅವನ ನಿಜವಾದ ಆಸ್ತಿಯು ಕೈಯ ಹದವೂ ಗಿರಾಕಿಗಳ ವಿಶ್ವಾಸವೂ; ಅವೆರಡನ್ನೂ ಅಡವು ಇಡುವಂತಿಲ್ಲ.

ಊರಿನ ಭೂಮಿಯನ್ನಾದರೂ ಅಡವು ಇಡಬಹುದಲ್ಲವೇ ಎಂದರೆ, ಅದೂ ಎಲ್ಲರಿಗೂ ಸಾಧ್ಯವಿರಲಿಲ್ಲ. ಮೂಲಗೇಣಿಯವರಿಗೆ ಶಾಶ್ವತವಾದ ಹಕ್ಕು ಇತ್ತು. ಚಾಲಗೇಣಿಯವರಾದರೋ ಒಡೆಯನ ಇಚ್ಛೆಯಂತೆ ಇದ್ದು ಎದ್ದುಹೋಗಬೇಕಾದವರು. ಅವರು ಉತ್ತ ನೆಲದ ಮೇಲೆ ಅವರಿಗೆ ಸಾಲ ದೊರೆಯುವಂತಿರಲಿಲ್ಲ. ಕೇರಳದ ಭೂಸುಧಾರಣೆಯ ಕಾನೂನು 1970ರ ಜನವರಿ 1ರಿಂದ ಜಾರಿಗೆ ಬಂದ ಮೇಲೆ ನಮ್ಮ ಗೇಣಿದಾರರು ಭೂಮಿಯ ಒಡೆಯರಾದರು. ಪಟ್ಟೆ ಕೈಗೆ ಬಂದ ಮನೆಗಳಲ್ಲಿ ಮೊದಲ ಬಾರಿಗೆ ಬೇಂಕಿಗೆ ತೋರಿಸಬಹುದಾದ ಕಾಗದವೊಂದು ಹುಟ್ಟಿತು. ಗೇಣಿಯ ಅಕ್ಕಿ ನಿಂತುಹೋದ ಮನೆಗಳ ಮಕ್ಕಳು ಜೀವನೋಪಾಯಕ್ಕೆ ಪರವೂರಿನ ಹೋಟೆಲುಗಳಿಗೆ ಹೊರಟುದೂ ಉಂಟು. ಒಂದೇ ಕಾನೂನು ಎರಡು ಬಗೆಯ ಮನೆಗಳನ್ನು ಎರಡು ದಾರಿಗಳಿಂದ ಒಂದೇ ಉದ್ಯಮದತ್ತ ನಡೆಸಿತು.

ಸರಕಾರವು ಹೊಣೆ ನಿಂತುದು

ಅಡವಿಲ್ಲದ ಸಣ್ಣ ಉದ್ಯಮಿಯ ಸಾಲಕ್ಕೆ ಸಾರ್ವಜನಿಕ ಸಂಸ್ಥೆಯೊಂದು ಹೊಣೆ ನಿಲ್ಲುವ ಪದ್ಧತಿಯು ಪರದೇಶಗಳಲ್ಲಿ ಮೊದಲೇ ಬೆಳೆದಿತ್ತು. ಜಪಾನಿನ ಟೋಕಿಯೋದಲ್ಲಿ 1937ರಲ್ಲಿಯೇ ಸಾಲಖಾತರಿಯ ಸಂಘವೊಂದು ಸ್ಥಾಪಿತವಾಯಿತು. ಅಮೆರಿಕದಲ್ಲಿ ಅಧ್ಯಕ್ಷ ಐಸೆನ್‌ಹೋವರರ ಕಾಲದಲ್ಲಿ, 1953ರಲ್ಲಿ, ಸಣ್ಣ ವ್ಯವಹಾರಗಳ ಆಡಳಿತ ಸಂಸ್ಥೆಯು ಹುಟ್ಟಿ, ಬೇಂಕುಗಳು ಕೊಡುವ ಸಾಲದ ಒಂದು ಭಾಗಕ್ಕೆ ಸರಕಾರದ ಖಾತರಿಯನ್ನು ಒದಗಿಸತೊಡಗಿತು. ಅಲ್ಲಿ ಉಪಾಹಾರಗೃಹಗಳವರೂ ಈ ಖಾತರಿಯ ಆಶ್ರಯ ಪಡೆದು ಬೆಳೆದರು.

ನಮ್ಮ ದೇಶದಲ್ಲಿ 1960ರ ಜುಲೈಯಲ್ಲಿ ಭಾರತ ಸರಕಾರವು ಸಣ್ಣ ಕೈಗಾರಿಕೆಗಳ ಸಾಲಖಾತರಿ ಯೋಜನೆಯನ್ನು ಆರಂಭಿಸಿತು. ಇದರ ನಿರ್ವಹಣೆಯನ್ನು ರಿಸರ್ವ್ ಬೇಂಕಿಗೆ ಒಪ್ಪಿಸಲಾಯಿತು. ಮೊದಲು ಆಯ್ದ ಕೆಲವು ಜಿಲ್ಲೆಗಳಲ್ಲಿ, ಬಳಿಕ ದೇಶಾದ್ಯಂತ ಇದು ಜಾರಿಗೆ ಬಂತು. ಆದರೆ ಯೋಜನೆಯ ಹೆಸರೇ ಹೇಳುವಂತೆ ಅದು ಕೈಗಾರಿಕೆಗಳಿಗೆ, ಎಂದರೆ ವಸ್ತುಗಳನ್ನು ತಯಾರಿಸುವವರಿಗೆ, ಮೀಸಲು. ಹಪ್ಪಳ ಮಾಡಿ ಮಾರುವವನು ತಯಾರಕ. ಅದೇ ಹಪ್ಪಳವನ್ನು ಕರಿದು ಎಲೆಯಲ್ಲಿ ಬಡಿಸುವವನು ತಯಾರಕನಲ್ಲ! ಈ ವ್ಯಾಖ್ಯೆಯ ಗೋಡೆಯ ಹೊರಗೆ ಹೋಟೆಲುಗಾರನು ನಿಂತುಕೊಂಡನು.

1969ರ ಜುಲೈ 19ರಂದು ಹದಿನಾಲ್ಕು ಬೇಂಕುಗಳು ರಾಷ್ಟ್ರೀಕೃತವಾದಾಗ ನಮ್ಮ ಕರಾವಳಿಯ ಕೆನರಾ, ಸಿಂಡಿಕೇಟ್ ಬೇಂಕುಗಳೂ ಅವುಗಳಲ್ಲಿ ಸೇರಿದ್ದುವು. 1980ರ ಎಪ್ರಿಲಿನಲ್ಲಿ ಕಾರ್ಪೊರೇಶನ್, ವಿಜಯಾ ಬೇಂಕುಗಳೂ ಅದೇ ದಾರಿಯನ್ನು ಹಿಡಿದುವು. ಸಣ್ಣವರಿಗೆ ಸಾಲ ಕೊಡುವುದು ಬೇಂಕುಗಳ ಕರ್ತವ್ಯವೆಂದು ಸಾರಿದ ಮೇಲೆ, ಆ ಸಾಲ ಮುಳುಗಿದರೆ ಭರಿಸುವವರು ಯಾರೆಂಬ ಪ್ರಶ್ನೆಗೂ ಉತ್ತರ ಬೇಕಾಯಿತು. ಅದಕ್ಕಾಗಿ 1971ರಲ್ಲಿ ಭಾರತದ ಸಾಲಖಾತರಿ ನಿಗಮವು ಸ್ಥಾಪಿತವಾಯಿತು. ಅದರ ಸಣ್ಣ ಸಾಲಗಳ ಖಾತರಿ ಯೋಜನೆಯು ಚಿಲ್ಲರೆ ವ್ಯಾಪಾರಿ, ವಾಹನ ನಡೆಸುವವನು, ಸ್ವಂತ ಉದ್ಯೋಗಿ, ಸಣ್ಣ ವ್ಯವಹಾರಸ್ಥ, ರೈತ ಮೊದಲಾದವರನ್ನೂ ಒಳಗೊಂಡಿತು. ತಯಾರಿಕೆಯ ಗೋಡೆಯಲ್ಲಿ ಬಾಗಿಲು ತೆರೆದುದು ಇಲ್ಲಿ. 1978ರಲ್ಲಿ ಈ ನಿಗಮವು ಠೇವಣಿ ವಿಮಾ ನಿಗಮದೊಡನೆ ಒಂದುಗೂಡಿತು.

1980ರ ದಶಕದಲ್ಲಿ ಮಂಗಳೂರಿನವರಾದ ಬಿ. ಜನಾರ್ದನ ಪೂಜಾರಿಯವರು ಕೇಂದ್ರದ ಹಣಕಾಸು ಖಾತೆಯ ರಾಜ್ಯಸಚಿವರಾಗಿದ್ದಾಗ ಸಾಲಮೇಳಗಳು ನಡೆದುವು. ಬೇಂಕಿನ ಮೆಟ್ಟಿಲನ್ನೇ ಹತ್ತದಿದ್ದ ಬಡವರ ಕೈಗೆ ಸಾಲ ಬಂತೆಂದು ಹೊಗಳಿದವರೂ, ಮರುಪಾವತಿಯ ಶಿಸ್ತು ಸಡಿಲಿತೆಂದು ತೆಗಳಿದವರೂ ಇದ್ದರು. ಎರಡು ಮಾತುಗಳಲ್ಲಿಯೂ ಸತ್ಯಾಂಶವಿದೆ ಎಂಬುದು ನಮ್ಮ ಅಭಿಪ್ರಾಯ. ಅಷ್ಟರಲ್ಲಿ ಖಾತರಿ ನಿಗಮಕ್ಕೆ ಬೇಂಕುಗಳು ಸಲ್ಲಿಸುತ್ತಿದ್ದ ಶುಲ್ಕವನ್ನು ಮೀರಿ ಪರಿಹಾರದ ಬೇಡಿಕೆಗಳು ಬೆಳೆದುವು. ಶುಲ್ಕವನ್ನು ಏರಿಸಿದಾಗ ಬೇಂಕುಗಳು ಒಂದೊಂದಾಗಿ ಹೊರಬಂದುವು. ಹೊಣೆಗೂ ಒಂದು ಬೆಲೆಯುಂಟು. ಆ ಬೆಲೆಯನ್ನು ಯಾರಾದರೂ ತೆರಲೇಬೇಕು ಎಂಬ ಪಾಠವನ್ನು ಈ ಪ್ರಕರಣವು ಕಲಿಸಿತು.

ಹೊಸ ಶತಮಾನದ ಯೋಜನೆಗಳು

2000ನೆಯ ಇಸವಿಯಲ್ಲಿ ಭಾರತ ಸರಕಾರವೂ ಸಿಡ್ಬಿ ಎಂದು ಪ್ರಸಿದ್ಧವಾದ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬೇಂಕೂ ನಾಲ್ಕಕ್ಕೆ ಒಂದರ ಪ್ರಮಾಣದಲ್ಲಿ ಹಣ ಹಾಕಿ ಖಾತರಿ ನಿಧಿಯ ನ್ಯಾಸವೊಂದನ್ನು ಕಟ್ಟಿದುವು. ಆಗಲೂ ಅದರ ಹೆಸರಿನಲ್ಲಿದ್ದುದು ಸಣ್ಣ ಕೈಗಾರಿಕೆಯೇ. 2006ರ ಕಾಯಿದೆಯು ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳೆಂಬ ಹೊಸ ವರ್ಗೀಕರಣವನ್ನು ತಂದು, ತಯಾರಿಕೆಯೊಡನೆ ಸೇವೆಯನ್ನೂ ಉದ್ಯಮವೆಂದು ಒಪ್ಪಿತು. ನ್ಯಾಸದ ಹೆಸರೂ ತದನುಗುಣವಾಗಿ ಬದಲಾಯಿತು. ಹಸಿದವನಿಗೆ ಅನ್ನ ಬಡಿಸುವುದು ಸೇವೆಯೆಂದು ನಮ್ಮ ಹಿರಿಯರು ಎಂದೋ ಹೇಳಿದ್ದರು. ಸಾಲದ ಕಾನೂನು ಅದನ್ನು ಸ್ಪಷ್ಟವಾಗಿ ಒಪ್ಪಲು ಇಷ್ಟು ಕಾಲ ಬೇಕಾಯಿತು. 2010ರಲ್ಲಿ ರಿಸರ್ವ್ ಬೇಂಕು, ಕಿರು ಮತ್ತು ಸಣ್ಣ ಉದ್ಯಮಗಳಿಗೆ ಕೊಡುವ 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಅಡವು ಕೇಳಕೂಡದೆಂದು ಬೇಂಕುಗಳಿಗೆ ಆದೇಶವಿತ್ತಿತು. ನ್ಯಾಸದ ಖಾತರಿಯ ಮಿತಿಯು 2023ರ ಎಪ್ರಿಲಿನಲ್ಲಿ 5 ಕೋಟಿಗೂ, 2025ರ ಎಪ್ರಿಲಿನಲ್ಲಿ 10 ಕೋಟಿ ರೂಪಾಯಿಗೂ ಏರಿತು.

ಚಹಾದಂಗಡಿ, ತಳ್ಳುಗಾಡಿ, ಸಣ್ಣ ಕ್ಯಾಂಟೀನುಗಳವರಿಗೆ ಹೆಚ್ಚು ಸಮೀಪವಾದುದು 2015ರ ಎಪ್ರಿಲ್ 8ರಂದು ಆರಂಭವಾದ ಮುದ್ರಾ ಯೋಜನೆ. ಇದರಲ್ಲಿ 50,000 ರೂಪಾಯಿವರೆಗಿನ ಸಾಲಕ್ಕೆ ಶಿಶು, 5 ಲಕ್ಷದವರೆಗಿನದಕ್ಕೆ ಕಿಶೋರ, 10 ಲಕ್ಷದವರೆಗಿನದಕ್ಕೆ ತರುಣ ಎಂದು ಹೆಸರು. ತರುಣ ಸಾಲವನ್ನು ಪಡೆದು ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೆ ಕೊಡುವ ಇನ್ನೊಂದು ಹಂತವನ್ನು 2024ರಲ್ಲಿ ಸೇರಿಸಲಾಯಿತು. ಈ ಸಾಲಗಳಿಗೆಂದೇ ಪ್ರತ್ಯೇಕವಾದ ಖಾತರಿನಿಧಿಯೊಂದಿದೆ. ಕೇರಳದಲ್ಲಿ ಇದಕ್ಕೆ ಮೊದಲೇ, 1998ರಲ್ಲಿ, ಕುಟುಂಬಶ್ರೀಯು ಜನ್ಮವೆತ್ತಿ, ನೆರೆಕರೆಯ ಹೆಂಗಸರು ಗುಂಪಾಗಿ ಉಳಿತಾಯ ಮಾಡಿ, ಗುಂಪಿನ ನಂಬಿಕೆಯ ಮೇಲೆ ಸಾಲ ಪಡೆದು ಭೋಜನಶಾಲೆಗಳನ್ನು ನಡೆಸುವ ದಾರಿಯನ್ನು ತೋರಿತ್ತು. ನಮ್ಮ ಅಕ್ಕತಂಗಿಯರು ಹಿಂದೆ ಬಳೆಯನ್ನು ಕೊಟ್ಟು ಇನ್ನೊಬ್ಬರ ಹೋಟೆಲನ್ನು ಕಟ್ಟಿದರು. ಈಗ ತಮ್ಮ ಸಹಿಯಿಂದ ತಮ್ಮದನ್ನೇ ಕಟ್ಟುತ್ತಿದ್ದಾರೆ. ಇದು ಸಣ್ಣ ಪರಿವರ್ತನೆಯಲ್ಲ.

ಮಹಾಮಾರಿಯ ಕಾಲದ ಪರೀಕ್ಷೆ

2020ರ ಮಾರ್ಚ್ 25ರಿಂದ ಕೊರೋನಾ ರೋಗದ ನಿಮಿತ್ತ ದೇಶವೇ ಬಾಗಿಲು ಮುಚ್ಚಿದಾಗ ಹೋಟೆಲಿನ ಒಲೆಗಳು ಆರಿದುವು. ತಲಪಾಡಿಯಲ್ಲಿ ಗಡಿಯು ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳನ್ನು ನಂಬಿದ್ದ ನಮ್ಮವರು ಪಟ್ಟ ಪಾಡನ್ನು ಇಲ್ಲಿನ ಮನೆಗಳು ಮರೆತಿಲ್ಲ. ಪರವೂರಿನ ಹೋಟೆಲುಗಳಿಂದ ತಿಂಗಳು ತಿಂಗಳು ಬರುತ್ತಿದ್ದ ಹಣವೂ ಅದೇ ಕಾಲಕ್ಕೆ ನಿಂತಿತು. ಬಾಡಿಗೆ ನಿಲ್ಲಲಿಲ್ಲ, ಬಡ್ಡಿ ನಿಲ್ಲಲಿಲ್ಲ, ಕೆಲಸದವರ ಹಸಿವೆಯಂತೂ ನಿಲ್ಲುವಂತಿರಲಿಲ್ಲ.

ಆ ವರ್ಷದ ಮೇ ತಿಂಗಳಲ್ಲಿ ಕೇಂದ್ರ ಸರಕಾರವು ತುರ್ತು ಸಾಲಖಾತರಿ ಯೋಜನೆಯನ್ನು 3 ಲಕ್ಷ ಕೋಟಿ ರೂಪಾಯಿಗಳ ಮಿತಿಯಿಂದ ಘೋಷಿಸಿತು. 2020ರ ಫೆಬ್ರವರಿ 29ರಂದು ಇದ್ದ ಸಾಲಬಾಕಿಯ ನೂರಕ್ಕೆ ಇಪ್ಪತ್ತರಷ್ಟು ಹೊಸ ಸಾಲವು ಬೇರೆ ಅಡವಿಲ್ಲದೆ ದೊರೆಯುವಂತಾಯಿತು. ಅದಕ್ಕೆ ಸರಕಾರದ ಖಾತರಿ ಪೂರ್ಣ, ನೂರಕ್ಕೆ ನೂರು. 2021ರ ಮಾರ್ಚ್ ಕೊನೆಯಲ್ಲಿ ಆತಿಥ್ಯ, ಪ್ರವಾಸ ಮೊದಲಾದ ಉದ್ಯಮಗಳಿಗೆ ಈ ಪ್ರಮಾಣವನ್ನು ನಲವತ್ತಕ್ಕೆ ಏರಿಸಿ, ತೀರಿಸಲು ಆರು ವರ್ಷಗಳ ಅವಧಿಯನ್ನೂ, ಅದರಲ್ಲಿ ಮೊದಲ ಎರಡು ವರ್ಷ ಅಸಲನ್ನು ಕಟ್ಟದಿರುವ ವಿನಾಯಿತಿಯನ್ನೂ ಕೊಡಲಾಯಿತು. ಹತ್ತು ಲಕ್ಷ ಬಾಕಿಯಿದ್ದ ಹೋಟೆಲಿಗೆ ಮೊದಲು ಎರಡು ಲಕ್ಷ, ಬಳಿಕ ಒಟ್ಟು ನಾಲ್ಕು ಲಕ್ಷದವರೆಗೆ ಎಂದು ಲೆಕ್ಕ. 2022ರ ಮುಂಗಡಪತ್ರದಲ್ಲಿ ಯೋಜನೆಯ ಮಿತಿಯನ್ನು 5 ಲಕ್ಷ ಕೋಟಿಗೆ ಏರಿಸಿ, ಹೆಚ್ಚಿದ 50,000 ಕೋಟಿಯನ್ನು ಆತಿಥ್ಯೋದ್ಯಮಕ್ಕೂ ತತ್ಸಂಬಂಧವಾದ ಉದ್ಯಮಗಳಿಗೂ ಮೀಸಲಿಟ್ಟರು. 1960ರಲ್ಲಿ ಗೋಡೆಯ ಹೊರಗಿದ್ದ ಹೋಟೆಲುಗಾರನಿಗೆ 2022ರಲ್ಲಿ ಹೆಸರು ಹಿಡಿದು ಕರೆದು ಪಾಲು ಇಟ್ಟುದು ಚರಿತ್ರೆಯ ದೃಷ್ಟಿಯಿಂದ ಸ್ಮರಣೀಯ.

ಆದರೆ ಈ ಯೋಜನೆಯ ಒಂದು ಮಿತಿಯನ್ನೂ ಹೇಳಬೇಕು. ಸಾಲಬಾಕಿಯ ಪ್ರಮಾಣದಲ್ಲಿ ಹೊಸ ಸಾಲ ಎಂದ ಮೇಲೆ, ಎಂದೂ ಬೇಂಕಿನಿಂದ ಸಾಲ ಪಡೆಯದೆ ಕೈಸಾಲದಲ್ಲಿಯೇ ಹೋಟೆಲು ನಡೆಸಿದವನಿಗೆ ಇದರಿಂದ ಏನೂ ಸಿಗಲಿಲ್ಲ. ಬೀದಿಬದಿಯ ವ್ಯಾಪಾರಿಗಳಿಗಾಗಿ 2020ರ ಜೂನಿನಲ್ಲಿ ಬಂದ ಸ್ವನಿಧಿ ಯೋಜನೆಯು ಈ ಕೊರತೆಯನ್ನು ಸ್ವಲ್ಪ ತುಂಬಿತು. ಮೊದಲು 10,000 ರೂಪಾಯಿ, ತೀರಿಸಿದರೆ 20,000, ಮತ್ತೆ ತೀರಿಸಿದರೆ 50,000 ಎಂಬ ಮೆಟ್ಟಿಲುಗಳ ಕ್ರಮವದು. 2025ರಲ್ಲಿ ಮೊದಲೆರಡು ಮೆಟ್ಟಿಲುಗಳನ್ನು 15,000 ಮತ್ತು 25,000ಕ್ಕೆ ಏರಿಸಲಾಯಿತು. ಪಿಗ್ಮಿಯ ಪುಸ್ತಕವು ಕಲಿಸಿದ ತತ್ತ್ವವೇ ಇಲ್ಲಿಯೂ ಇದೆ: ಸಣ್ಣದನ್ನು ತೀರಿಸಿದವನಿಗೆ ದೊಡ್ಡದನ್ನು ನಂಬಿ ಕೊಡುವುದು.

ಖಾತರಿ ಎಂದರೆ ಏನು, ಏನಲ್ಲ

ನಮ್ಮ ಕುಟುಂಬಗಳಲ್ಲಿ ಒಂದು ತಪ್ಪು ತಿಳಿವಳಿಕೆ ಹರಡಿರುವುದರಿಂದ ಇಲ್ಲಿ ಸ್ವಲ್ಪ ವಿಶದವಾಗಿ ಹೇಳುವುದು ಅಗತ್ಯವೆನಿಸುತ್ತದೆ. 'ಸರಕಾರವೇ ಜಾಮೀನು ನಿಂತಿದೆಯಲ್ಲ, ಕಟ್ಟದಿದ್ದರೇನು?' ಎನ್ನುವವರಿದ್ದಾರೆ. ಈ ಖಾತರಿಯು ಸಾಲಗಾರನಿಗೆ ಕೊಟ್ಟುದಲ್ಲ, ಬೇಂಕಿಗೆ ಕೊಟ್ಟುದು. ಒಂದು ಹೋಟೆಲಿನ ಸಾಲದಲ್ಲಿ 4 ಲಕ್ಷ ಬಾಕಿಯುಳಿದು ಕಂತುಗಳು ನಿಂತುವೆಂದೂ, ಖಾತರಿಯು ಮುಕ್ಕಾಲು ಪಾಲಿಗೆ ಎಂದೂ ಭಾವಿಸೋಣ. ಬೇಂಕು ವಸೂಲಿಗೆ ಕಾನೂನಿನ ಕ್ರಮ ಕೈಗೊಂಡ ಬಳಿಕ ನ್ಯಾಸವು ಅದಕ್ಕೆ ನಿಯಮಾನುಸಾರ 3 ಲಕ್ಷದವರೆಗೆ ತುಂಬಿಕೊಡುತ್ತದೆ. ಆಗ ಹೋಟೆಲುಗಾರನ ಸಾಲ 1 ಲಕ್ಷಕ್ಕೆ ಇಳಿಯಿತೇ? ಇಲ್ಲ. ಅವನ ಬಾಧ್ಯತೆಯು ಪೂರ್ಣ 4 ಲಕ್ಷವೇ. ಬೇಂಕು ವಸೂಲಿಯನ್ನು ಮುಂದುವರಿಸಿ, ಬಂದುದರಲ್ಲಿ ನ್ಯಾಸದ ಪಾಲನ್ನು ಅದಕ್ಕೆ ಸಲ್ಲಿಸಬೇಕು. ಕಟ್ಟದವನ ಹೆಸರು ಸಾಲದ ದಾಖಲೆಗಳ ಸಂಸ್ಥೆಗಳಲ್ಲಿ ಉಳಿದು, ಮುಂದೆ ಬೇರೆ ಯಾವ ಬೇಂಕಿನ ಬಾಗಿಲೂ ಸುಲಭವಾಗಿ ತೆರೆಯದು. ಖಾತರಿಗೆ ತೆರಬೇಕಾದ ವಾರ್ಷಿಕ ಶುಲ್ಕವನ್ನೂ ಅನೇಕ ವೇಳೆ ಬೇಂಕು ಸಾಲಗಾರನಿಂದಲೇ ಪಡೆಯುತ್ತದೆ.

ಹಾಗಾದರೆ ಉಪಯೋಗವೇನು? ಹೋಟೆಲು ಸೋತರೆ ಸೋಲು ಹೋಟೆಲುಗಾರನದು. ಅವನ ಭಾವನ ಗದ್ದೆಯದಲ್ಲ, ತಂಗಿಯ ಮದುವೆಯ ಚಿನ್ನದ್ದಲ್ಲ, ಸಹಿ ಹಾಕಿದ ಮುದಿ ಮಾವನ ಮನೆಯದಲ್ಲ. ಸಾಲವು ಒಬ್ಬನ ಮೇಲೆ ಇರುತ್ತದೆ, ಕುಲದ ಮೇಲೆ ಹರಡುವುದಿಲ್ಲ. ದಾನಕ್ಕೆ ಹೊಣೆಯಾದವನ ಮಕ್ಕಳೂ ತೆರಬೇಕೆಂದ ಕಾಲದಿಂದ ನಾವು ಇಲ್ಲಿಗೆ ಬಂದಿದ್ದೇವೆ. ಎರಡನೆಯದಾಗಿ, ಬಂಧುಬಲವಿಲ್ಲದವನಿಗೂ, ಯಾವ ಜಾತಿಯವನಿಗೂ, ಹೆಂಗಸಿಗೂ, ಕೈಯ ಹದವೊಂದೇ ಬಂಡವಾಳವಾದವನಿಗೂ ಬೇಂಕಿನ ಮೇಜಿನ ಮುಂದೆ ಕುಳಿತು ಮಾತಾಡುವ ಅವಕಾಶ ಒದಗುತ್ತದೆ. ಈ ಎರಡು ಪ್ರಯೋಜನಗಳ ಬೆಲೆಯನ್ನು ಹಣದಲ್ಲಿ ಎಣಿಸಲು ಸಾಧ್ಯವಿಲ್ಲ.

ಗಡಿನಾಡಿನ ನಮ್ಮ ಕರ್ತವ್ಯ

ಹಕ್ಕು ಕಾಗದದಲ್ಲಿರುವುದು ಒಂದು, ಕೈಗೆ ಬರುವುದು ಇನ್ನೊಂದು. ಗಡಿನಾಡಿನ ಕನ್ನಡಿಗನಿಗೆ ಈ ಎರಡರ ನಡುವೆ ಭಾಷೆಯ ಹೊಳೆಯೊಂದು ಅಡ್ಡ ಹರಿಯುತ್ತದೆ. ಸಾಲದ ಅರ್ಜಿಯು ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಮಲಯಾಳದಲ್ಲಿಯೋ ಇರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ತಂದೆ ತಾಯಿ ಅದನ್ನು ಹಿಡಿದು ಮಕ್ಕಳ ಮುಖ ನೋಡಬೇಕಾಗುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯು ರಾಜ್ಯ ಸರಕಾರದೊಡನೆ ಪತ್ರವ್ಯವಹಾರಕ್ಕೆ ಕನ್ನಡವನ್ನು ಬಳಸುವ ಹಕ್ಕನ್ನು ಇಲ್ಲಿನ ಕನ್ನಡ ಅಲ್ಪಸಂಖ್ಯಾತರಿಗೆ ಕೊಟ್ಟಿದೆ. ಬೇಂಕಿನ ಕಾಗದಗಳಿಗೆ ಅದು ತಾನಾಗಿ ಅನ್ವಯಿಸದು. ಓದಲು ಬಾರದ ಕಾಗದಕ್ಕೆ ಸಹಿ ಹಾಕುವುದು ನಮ್ಮ ಸೀಮೆಯ ಹಳೆಯ ಕಷ್ಟ. ಖಾತರಿಯ ಯೋಜನೆಯ ಹೆಸರಿನಲ್ಲಿ ಸಾಲ ಕೇಳಿದವನಿಂದಲೂ ಬಂಧುಗಳ ಜಾಮೀನನ್ನು ಬರೆಸಿಕೊಂಡರೆ, ಅದನ್ನು ಓದಿ ಪ್ರಶ್ನಿಸುವ ಶಕ್ತಿಯು ಅವನಿಗೆ ಇರಬೇಡವೇ?

ಆದುದರಿಂದ ನಮ್ಮ ಸಂಘವು ಕವಿಗೋಷ್ಠಿ, ನಾಟಕಗಳೊಡನೆ ಇನ್ನೊಂದು ಕಾರ್ಯವನ್ನು ಕೈಗೊಳ್ಳಬೇಕೆಂದು ನಾವು ಸೂಚಿಸುತ್ತೇವೆ. ತಿಂಗಳಿಗೊಂದು ದಿನ ಸಂಘದ ಕಟ್ಟಡದಲ್ಲಿ ಕುಳಿತು, ಈ ಯೋಜನೆಗಳ ನಿಯಮಗಳನ್ನು ಕನ್ನಡದಲ್ಲಿ ಓದಿ ಹೇಳಿ, ಅರ್ಜಿ ತುಂಬಿಸಲು ನೆರವಾಗಬೇಕು. ಬೇಂಕಿನಿಂದ ನಿವೃತ್ತರಾದವರೂ ನಿವೃತ್ತ ಉಪಾಧ್ಯಾಯರೂ ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಪರವೂರಿನಲ್ಲಿ ಹೋಟೆಲು ನಡೆಸಿ ಬಂದ ಹಿರಿಯರು, ಬಾಡಿಗೆ, ಜೀನಸು, ಕೆಲಸದವರ ಸಂಬಳ ಕಳೆದು ಉಳಿಯುವುದೆಷ್ಟು ಎಂಬ ಲೆಕ್ಕವನ್ನು ಸಾಲ ಮಾಡುವ ಮೊದಲೇ ಕಿರಿಯರಿಗೆ ಕಲಿಸಬಲ್ಲರು. ಹುಚ್ಚು ಸಾಹಸಕ್ಕೆ ಸರಕಾರದ ಖಾತರಿಯೂ ರಕ್ಷೆಯಲ್ಲ.

ನಮ್ಮ ಕರಾವಳಿಯಲ್ಲಿ ಹುಟ್ಟಿದ ಬೇಂಕುಗಳ ಹೆಸರುಗಳಲ್ಲಿ ಕೆಲವು ಈಗ ಇತಿಹಾಸಕ್ಕೆ ಸೇರಿವೆ. ವಿಜಯಾ ಬೇಂಕು 2019ರಲ್ಲಿ ಬರೋಡಾ ಬೇಂಕಿನೊಡನೆಯೂ, 2020ರಲ್ಲಿ ಕಾರ್ಪೊರೇಶನ್ ಬೇಂಕು ಯೂನಿಯನ್ ಬೇಂಕಿನೊಡನೆಯೂ, ಸಿಂಡಿಕೇಟ್ ಬೇಂಕು ಕೆನರಾ ಬೇಂಕಿನೊಡನೆಯೂ ಲೀನವಾದುವು. ಹಲಗೆಗಳು ಬದಲಾದುವು, ಆದರೆ ಸಾಮಾನ್ಯನ ಎರಡಾಣೆಯನ್ನು ಗೌರವಿಸಿದ ಆ ತತ್ತ್ವವು ಅಳಿಯಬಾರದು. ನಂಬಿಕೆಯು ಮೊದಲು ಬಂಧುಗಳ ನಡುವೆ ಇತ್ತು. ಬಳಿಕ ಬೇಂಕಿನ ಪುಸ್ತಕಕ್ಕೆ ಬಂತು. ಈಗ ಸರಕಾರದ ನಿಧಿಯಲ್ಲಿ ನಿಂತಿದೆ. ಆ ನಿಧಿಯು ಜನರ ಕಂದಾಯದಿಂದಲೂ ಸಾಲಗಾರರ ಶುಲ್ಕದಿಂದಲೂ ತುಂಬಿದುದು. ಎಂದರೆ ಇಂದು ಒಬ್ಬ ಹೋಟೆಲುಗಾರನಿಗೆ ಹೊಣೆ ನಿಂತವರು ನಾವೆಲ್ಲರೂ. ಪಡೆದವರು ಪ್ರಾಮಾಣಿಕರಾಗಿ ತೀರಿಸಿದರೆ ಮಾತ್ರ ನಾಳೆ ಕೇಳಬರುವವನಿಗೆ ಅದರಲ್ಲಿ ಹಣ ಉಳಿದೀತು. ನಮ್ಮ ಗಡಿನಾಡಿನ ಮಕ್ಕಳು ಹಚ್ಚಿದ ಒಲೆಗಳು ಎಲ್ಲಿದ್ದರೂ ಆರದೆ ಉರಿಯಲಿ. ಅವರ ಲೆಕ್ಕದ ಪುಸ್ತಕಗಳು ಶುದ್ಧವಾಗಿರಲಿ. ಆ ಪುಸ್ತಕಗಳ ಒಂದು ಪುಟವಾದರೂ ಕನ್ನಡದಲ್ಲಿರಲಿ ಎಂದು ಹಾರೈಸಿ ವಿರಮಿಸುತ್ತೇವೆ.